ನೀಲಿ ರೈಟು

ಗುಂಡ್ಲುಪೇಟೆ
೧೮ ಜೂನ್ ೨೦೨೫, ಬುಧವಾರ

ಪ್ರೀತಿಯ ದಿಲೀಪನಿಗೆ,

ನಾಲ್ಕು ತಲೆಮಾರಿನಿಂದ ಮುರಿದ ಮೂಳೆಗೆ ಕಟ್ಟು ಕಟ್ಟುವ ಮನೆಯ ಹಿರಿಯಳು, ನಿನ್ನ ಅಜ್ಜಿ ಪುಟ್ಟಮಲ್ಲಮ್ಮ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯೆ, ಅದಕ್ಕೇ ಕಾಗದ. ಆರೋಗ್ಯವೇ? ಕಲ್ಲಿಕೋಟೆಯ ಮಳೆಗೆ ನಿನ್ನ ಕೆಮ್ಮು ಜೋರಾಗಿರಬೇಕು. ನಿನ್ನ ತಂಗಿ ಭವ್ಯ ಕಟ್ಟಿಕೊಟ್ಟ ಮೆಣಸಿನ ಪುಡಿ ಮುಗಿಯಿತೇ?

ಸೋಮವಾರ ಉಮ್ಮತ್ತೂರಿನಿಂದ ಚಿಕ್ಕಬಸಮ್ಮ ಎಂಬಾಕೆ ಏಳು ವರ್ಷದ ಮಗಳು ಶಿವರಂಜಿನಿಯನ್ನು ಹೊತ್ತು ತಂದಳು. ಮೊಣಕಾಲ ಕೆಳಗೆ ಚರ್ಮ ಹರಿದು ಮೂಳೆ ಕಾಣುತ್ತಿತ್ತು. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಪರೇಷನ್ ಎಂದೊಡನೆ ಮಗುವನ್ನು ಎತ್ತಿಕೊಂಡು ಬಸ್ ಹತ್ತಿದ್ದಾಳೆ. ಚರ್ಮ ಹರಿದಿದ್ದರೆ, ರಕ್ತ ಓಡದೆ ಬೆರಳು ತಣ್ಣಗಾಗಿದ್ದರೆ ಕೈ ಹಾಕಬಾರದು ಎನ್ನುವುದು ನಮ್ಮ ಮನೆಯ ಕಟ್ಟಳೆ, ನಿನಗೂ ಗೊತ್ತು. ಆ ಮಗುವಿನ ಕಾಲ್ಬೆರಳು ತಣ್ಣಗಿದ್ದವು. ಆಗುವುದಿಲ್ಲ ಎಂದೆ. ಅವಳು ನನ್ನ ಹೆಸರಲ್ಲಿ ನೀನು ನಡೆಸುವ ವಿಡಿಯೋ ಖಾತೆ ತೆರೆದು ಫೋನನ್ನು ನನ್ನ ಮುಖಕ್ಕೇ ಹಿಡಿದಳು. "ನಿಮ್ ಎಸ್ರು ಪಕ್ಕ ನೀಲಿ ರೈಟ್ ಆಕವ್ರಲ್ಲವ್ವಾ! ಇಸ್ಕೂಲಲ್ಲಿ ಮೇಷ್ಟ್ರು ತಪ್ಪುತ್ರಕ್ಕೆ ರೈಟ್ ಆಕ್ತಿದ್ರಾ? ಈಗ್ಯಾಕೆ ಓಗು ಅಂತೀರಿ?" ಆ ರೈಟಿನ ಕೆಳಗೆ 'ಆಪರೇಷನ್ ಇಲ್ಲದೆ ಯಾವ ಮುರಿತವೂ ಗುಣ' ಎಂದಿತ್ತು. ಅದು ನನ್ನ ಮಾತಲ್ಲ, ನಿನ್ನದು. "ವಸಿ ಜೋರಾಗಿ ಏಳ್ಬೇಕು ಕಣಜ್ಜಿ, ಇಲ್ದಿದ್ರೆ ಜನ ನೋಡಲ್ಲ" ಎಂದಿದ್ದೆಯಲ್ಲ, ನೋಡಿದ್ದಾರೆ.

ನನ್ನ ಹೆಸರಲ್ಲಿ ಯಾರೋ ಸುಳ್ಳು ಖಾತೆ ತೆರೆದಾಗ, ನನ್ನ ಆಧಾರ್ ತೋರಿಸಿ, ತಿಂಗಳ ಚಂದಾ ಕಟ್ಟಿ ಆ ಗುರುತು ತಂದವನು ನೀನು. ಪುಟ್ಟಮಲ್ಲಮ್ಮ ಇವಳೇ ಎನ್ನುವುದಷ್ಟೇ ಅದರ ಅರ್ಥ. ಅದು ತಿಳಿದಿದ್ದೂ ನಾನು ಮದುವೆಮನೆಗಳಲ್ಲಿ ಬೀಗುತ್ತ ತೋರಿಸಿಕೊಂಡು ಬಂದೆ. "ಸರ್ಕಾರ್ದೋರು ಕೊಟ್ಟುದ್ದಾ?" ಎಂದು ಕೇಳಿದವರಿಗೆ ಅಲ್ಲ ಎನ್ನಲಿಲ್ಲ. ಆ ತಪ್ಪು ನನ್ನದು.

ಕಾರು ಮಾಡಿಕೊಂಡು ಮಗುವನ್ನು ನಾನೇ ಆಸ್ಪತ್ರೆಗೆ ಮುಟ್ಟಿಸಿದೆ. ದಾರಿಯುದ್ದಕ್ಕೂ ಆ ಪಾದ ನನ್ನ ಅಂಗೈಯಲ್ಲಿತ್ತು, ಬಿಸಿಯಾಗಲಿಲ್ಲ. ಆಪರೇಷನ್ ಆಗಿದೆ. ಕಾಲು ಉಳಿಯುತ್ತದೋ ಇಲ್ಲವೋ ನಾಳೆ ಹೇಳುತ್ತಾರಂತೆ.

ಮಾದಪ್ಪ ನಿನ್ನನ್ನು ಕಾಯಲಿ. ಸ್ಟುಡಿಯೋ ಕೆಲಸದಲ್ಲಿ ಊಟ ಮರೆಯಬೇಡ.

ನಿನ್ನ ಅಜ್ಜಿ,
ಪುಟ್ಟಮಲ್ಲಮ್ಮ

ಕಾಗದ ಮಡಿಸುವ ಮುಂಚೆ ಇದೊಂದು: ಇವತ್ತು ಬೆಳಿಗ್ಗೆ ಭವ್ಯಳ ಕೈಯಲ್ಲಿ ನಿನ್ನ ವಿಡಿಯೋಗಳನ್ನೆಲ್ಲ ಅಳಿಸಿಸಿದೆ. ಒಂದೇ ಒಂದು ಇದೆ, ಹೊಸದು. ಅದರಲ್ಲಿ ನಾನು ಹೇಳಿರುವುದಿಷ್ಟೇ: "ಈ ರೈಟು ನನ್ ಮೊಕಕ್ಕೆ ಆಕಿರೋದು, ನನ್ ಕೈಗಲ್ಲ. ಚರ್ಮ ಕಿತ್ತೋಗಿದ್ರೆ ಆಸ್ಪತ್ರೆಗೆ ಓಗಿ." ಪಾಸ್‌ವರ್ಡ್ ಬದಲಾಯಿಸಿದ್ದೇನೆ. ಭವ್ಯಳನ್ನು ಕೇಳಬೇಡ, ಅವಳಿಗೂ ಹೇಳಿಲ್ಲ.