ಸದ್ದಿಲ್ಲದ ಆಂಪ್

ಮಂಗಳವಾರ, ೧೪

ಇವತ್ತು ಗಿಟಾರಿಗೆ ಆಂಪ್ಲಿಫೈಯರ್ ತರಲು ಹೋಗಲೇಬಾರದಿತ್ತು. ಮದುವೆಯಲ್ಲಿ ನುಡಿಸಲೂ ಹೋಟೆಲಿನಲ್ಲಿ ನುಡಿಸಲೂ ಒಂದೇ ಸಾಕಾಗಬೇಕು, ತಂತಿ ಮೀಟಿದರೆ ನಾದ ತಿಳಿಯಾಗಿ ಬರಬೇಕು, ನನಗೆ ಬೇಕಾಗಿದ್ದು ಇಷ್ಟೇ. ನಮ್ಮ ಬ್ಯಾಂಡಿನಲ್ಲಿ ಹಾಡುವ ತಂಗಿಯನ್ನೂ ಕರೆದುಕೊಂಡು ಹೋದೆ. ಮೂರು ಆಂಪ್‌ಗಳಲ್ಲಿ ನುಡಿಸಿ ನೋಡಿದೆ. ಮೂರನೆಯದು ಮನಸ್ಸಿಗೆ ಹಿಡಿಸಿತು.

"ಇದೇ ಇರಲಿ. ನೋಡು, ತಂತಿಯಿಂದ ಕೈ ತೆಗೆದರೆ ಚೂರೂ ಸದ್ದಿಲ್ಲ," ಅಂದೆ.

ತಂಗಿ ಹುಬ್ಬು ಗಂಟಿಕ್ಕಿದಳು. "ಅಣ್ಣಾ, ಸುಯ್ ಅಂತಾನೇ ಇದೆಯಲ್ಲ. ಕೇಳಿಸ್ತಿಲ್ವಾ?"

ಅಂಗಡಿಯವನೂ ಒಪ್ಪಿಕೊಂಡ. ಹಳೇ ಪೀಸಂತೆ. ನಾನು ಬಗ್ಗಿ ಸ್ಪೀಕರಿಗೆ ಕಿವಿಗೊಟ್ಟೆ. ಏನೂ ಇಲ್ಲ. ವರ್ಷಗಟ್ಟಲೆ ಡ್ರಮ್ಸ್ ಪಕ್ಕದಲ್ಲೇ ನಿಂತ ಕಿವಿ, ಇನ್ನೇನಾಗುತ್ತೆ. ಆದರೂ ಹಾಳು ಮರ್ಯಾದೆ ನೋಡು, "ಹಾಂ, ಈಗ ಕೇಳಿಸ್ತು, ಸಣ್ಣಗೆ ಇದೆ," ಅಂದುಬಿಟ್ಟೆ.

"ಸರ್, ಅದನ್ನ ಆಗಲೇ ಆಫ್ ಮಾಡಿದೆನಲ್ಲ," ಅಂದ ಅಂಗಡಿಯವನು.

ಎರಡನೆಯದನ್ನು ತಂಗಿಯೇ ಆರಿಸಿದಳು. ಅದರಲ್ಲಿ ನಾದ ತುಂಬಾ ತಿಳಿಯಾಗಿದೆಯಂತೆ. ಈಗ ಮಂಚದ ಪಕ್ಕ ಕೂತಿದೆ, ಮುಟ್ಟಲು ಮನಸ್ಸಿಲ್ಲ. ನಾಳೆ ಪ್ರಾಕ್ಟೀಸಿನಲ್ಲಿ ಉಳಿದವರಿಗೆ ಇವಳೇನಾದರೂ...

ಇಲ್ಲ, ಹೇಳಲಾರಳು. ಮನೆಗೆ ಬರುವ ದಾರಿಯುದ್ದಕ್ಕೂ ಎಂದಿಗಿಂತ ಸ್ವಲ್ಪ ಜೋರಾಗಿ ಮಾತಾಡುತ್ತಿದ್ದಳು, ಅಷ್ಟೇ.