ಬನಾರಸ್ ಡಿಗ್ರಿ, ದಹಿಸರ್ ಖಾಡಿ

೩ ಜೂನ್ ೧೯೭೪, ಸೋಮವಾರ. ಬೊರಿವಲಿ

ಆಫೀಸಿಂದ ಬಂದು ಕಾಫಿ. ಮೇಜಿನ ಮೇಲೆ ಎರಡು ಪ್ರಾಸ್ಪೆಕ್ಟಸ್. ಮಗಳು ಸರಸ್ವತಿ ಬಿ.ಎಸ್ಸಿ. ಮುಗಿಸಿದ್ದಾಳೆ, ಮುಂದೆ ಇಕಾಲಜಿ ಓದಬೇಕಂತೆ. ಇಲ್ಲಿನ ಕಾಲೇಜು — ವರ್ಷಕ್ಕೆ ನಾನೂರು ರೂಪಾಯಿ, ಮನೆ ಊಟ, ಲೋಕಲ್ ಪಾಸು. ಬನಾರಸ್ — ಹಾಸ್ಟೆಲ್ಲು, ಮೆಸ್ಸು, ರೈಲು ಸೇರಿ ಎರಡು ಸಾವಿರದ ಮೇಲೆ. ನನ್ನ ನಾಲ್ಕು ತಿಂಗಳ ಸಂಬಳ.

"ಇಲ್ಲೇ ಸಾಕು ಅಪ್ಪ. ಫೀಲ್ಡ್ ವರ್ಕು ದಹಿಸರ್ ಖಾಡೀಲಿ. ಎಲ್ಲಾದರೂ ಎಂ.ಎಸ್ಸಿ.ನೇ ತಾನೆ?"

"ಡಿಗ್ರೀಲಿ ಡಿಗ್ರೀಗೆ ವ್ಯತ್ಯಾಸ ಇದೆ. ಬನಾರಸ್‌ಗೇ ಬೆಲೆ ಜಾಸ್ತಿ. ಅಲ್ಲಿಗೇ ಹೋಗು," ಅಂದೆ.

ಸುಳ್ಳು. ನಮ್ಮ ಬಣ್ಣದ ಫ್ಯಾಕ್ಟರಿಯ ಮೋರಿ ಬೀಳೋದು ಸಮುದ್ರದ ನೀರು ಒಳಕ್ಕೆ ಬರೋ ಆ ಖಾಡಿಗೇ. ಪ್ರತಿ ಶನಿವಾರ ಕೊಳಕು ನೀರಿನ ಟ್ಯಾಂಕ್ ಖಾಲಿ ಮಾಡೋಕೆ ಚೀಟಿ ಬರೆಯೋ ಹೆಡ್ ಕ್ಲಾರ್ಕು ನಾನು.

೫ ಜೂನ್

ಹೆಂಡತಿ ಅಲಮೇಲುಗೆ ಅನುಮಾನ. "ಕೊಡೆ ರಿಪೇರಿಗೂ ಯೋಚನೆ ಮಾಡೋ ಜನ ನೀವು. ಈಗೇನು ಇಷ್ಟು ಧಾರಾಳ?" ಆಗಲೇ ಪಿ.ಎಫ್. ಸಾಲಕ್ಕೆ ಅರ್ಜಿ ಹಾಕಿ ಬಂದಿದ್ದೆ.

ಸರಸ್ವತಿ ಕಾಲಿಗೆ ನಮಸ್ಕಾರ ಮಾಡಿದಳು. "ನನಗೋಸ್ಕರ ಇಷ್ಟು ಮಾಡ್ತಿದೀರಲ್ಲ ಅಪ್ಪ..." ಎದ್ದು ಬಾಲ್ಕನಿಗೆ ಹೋದೆ.

೯ ಜೂನ್, ಭಾನುವಾರ, ಮಧ್ಯಾಹ್ನ ೩

ಊರು ಬಿಡೋ ಮೊದಲು ಒಂದ್ಸಲ ಖಾಡಿ ನೋಡಿ ಬರ್ತೀನಿ ಅಂತ ಸರಸ್ವತಿ ಬೆಳಿಗ್ಗೆ ಹೋಗಿದ್ದಳು. ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ. ಕೈಲಿದ್ದ ಬಾಟಲಿಯಲ್ಲಿ ನೇರಳೆ ನೀರು.

ನಮ್ಮ ಮೋರಿಯ ಹೂಳು ತೆಗೆಯೋ ಸಂಗಪ್ಪ ಸಿಕ್ಕಿದ್ದನಂತೆ. ಗುಲ್ಬರ್ಗದ ಕಡೆಯವನು. ಮೊಣಕಾಲ ತನಕ ಹುಣ್ಣು. ಕನ್ನಡ ಕೇಳಿ ಖುಷಿಯಾಗಿ ಮಾತಾಡಿದ್ದಾನೆ — "ರಾಮಸ್ವಾಮಿ ಸಾಹೇಬ್ರ ಮಗಳೇನ್ರೀ ಅವ್ವಾರ? ಭಾಳ ಚಲೋ ಮನಶ್ಯಾರ್ರೀ. ಅವ್ರ ಚೀಟಿ ಬಂದ್ರನ ನಾವು ಟ್ಯಾಂಕಿನ ಗೇಟ್ ತಗಿಯೂದ್ರೀ."

"ಬನಾರಸ್‌ಗೆ ಬೆಲೆ ಜಾಸ್ತಿ ಅಂದಿದ್ದು ಇದಕ್ಕೇನಾ ಅಪ್ಪ?"

ಇಲ್ಲ ಅನ್ನಬಹುದಿತ್ತು. "ಹೂಂ" ಅಂದೆ.

೨೪ ಜೂನ್

ಎರಡು ವಾರ ಬರೆಯೋಕೆ ಮನಸ್ಸಾಗಲಿಲ್ಲ. ಇಲ್ಲಿನ ಕಾಲೇಜಿಗೇ ಸೇರಿದಳು. ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಲ್ಲೇ ಫೀಸು ಕಟ್ಟಿದಳಂತೆ. ನನ್ನದು ಬೇಡವಂತೆ — ಅದನ್ನೂ ಅವಳಮ್ಮನ ಕೈಲಿ ಹೇಳಿಸಿದಳು.

೨೯ ಜೂನ್, ಶನಿವಾರ

ಚೀಟಿ ಬರೆಯಲಿಲ್ಲ. ಮ್ಯಾನೇಜರು ಬೈಯಲೂ ಇಲ್ಲ. ಸುಸ್ತಾಗಿದೀರಿ, ಸೋಮವಾರದಿಂದ ಬೈಕುಲ್ಲಾ ಗೋಡೌನ್ ನೋಡಿಕೊಳ್ಳಿ ಅಂದರು. ಪಕ್ಕದ ಮೇಜಿನವನು ಚೀಟಿ ಬರೆದ. ಗೇಟು ಎಂದಿನ ಹೊತ್ತಿಗೇ ತೆರೆಯಿತು. ಸಂಗಪ್ಪ ನನಗೆ ನಮಸ್ಕಾರ ಹೊಡೆದು ಮೋರಿಗೆ ಇಳಿದ.

೧೪ ಜುಲೈ, ಭಾನುವಾರ

ಸಂಗಪ್ಪನ ಎಡಗಾಲು ತೆಗೆದರಂತೆ. ಸರಸ್ವತಿ ಆಸ್ಪತ್ರೆಗೆ ಹೋಗಿ ಬಂದಳು. ಐದು ವಾರದ ಮೇಲೆ ನನ್ನ ಎದುರು ಬಂದು ಕೂತಳು. ಕೈಯಲ್ಲಿ ಕಾಲೇಜಿನ ನೋಟ್‌ಬುಕ್ಕು.

"ನೀರಲ್ಲಿ ಏನಿದೆ ಅಂತ ನಾನು ಟೆಸ್ಟ್ ಮಾಡ್ತೀನಿ. ಯಾವ್ಯಾವತ್ತು ಬಿಟ್ಟರು ಅನ್ನೋದು ನಿಮಗೆ ಗೊತ್ತು. ಹೇಳ್ತೀರಾ?"

ಅಲಮೇಲು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.

ಹೇಳಿದೆ. ೧೯೬೯, ಅಕ್ಟೋಬರ್ ೪. ಬರೆದುಕೊಂಡಳು. ಅಕ್ಟೋಬರ್ ೧೧. ಬರೆದುಕೊಂಡಳು. ೧೮ — ಆ ವಾರ ಎರಡು ಸಲ...

"ಚೀಟಿ ಬರೆದೋರು?" ತಲೆ ಎತ್ತಲಿಲ್ಲ. "ಹೆಸರು ಬೇಕು ಅಪ್ಪ."

ಹೇಳಿದೆ. ನನ್ನ ಹೆಸರಿನ ಎರಡನೇ ಅಕ್ಷರಕ್ಕೆ ಅವಳ ಪೆನ್ನು ನಿಂತಿತು.