ಎರಡು ದಾರಕ್ಕೆ ಒಂದು ಗಂಟು

ಅಂಗಡಿಯ ಹಿಂದಿನ ಕೋಣೆಯಿಂದ,
ಮಂಗಳವಾರ, ಮೇ ೧೯

ಪ್ರೀತಿಯ ಭಾವನವರಿಗೆ ನಮಸ್ಕಾರ.

ಮೊದಲು ಮಂಡಿಯ ವಿಷಯ ಹೇಳಿ. ಆಪರೇಷನ್ ಆಗಿ ಆರು ತಿಂಗಳಾಯಿತು. ಮೆಟ್ಟಿಲು ಹತ್ತುವಾಗ ಈಗಲೂ ಕಟಕಟ ಅನ್ನುತ್ತದೆಯೇ? ಊತ ಪೂರ್ತಿ ಇಳಿಯಿತೇ? ಅಕ್ಕ, ಅಂದರೆ ನಿಮ್ಮ ಮನೆಯವರು, ನಿಮ್ಮ ತಂಗಿಗೆ ಫೋನಿನಲ್ಲಿ ಹೇಳಿದ್ದನ್ನು ನಾನೂ ಪಕ್ಕದಲ್ಲೇ ಕೂತು ಕದ್ದು ಕೇಳಿಸಿಕೊಂಡೆ. ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ಸೈಕಲ್ ತುಳಿಯಬಹುದು, ತುಳಿಯಲೇಬೇಕು ಎಂದು ಡಾಕ್ಟರು ಹೇಳಿದ್ದಾರಂತೆ. ನೀವು ಮಾತ್ರ ಸೈಕಲ್ಲನ್ನು ಗೋಡೆಯ ಮೊಳೆಗೆ ನೇತುಹಾಕಿ, ಮೇಲೊಂದು ಹಳೆಯ ಬೆಡ್‌ಶೀಟ್ ಹೊದಿಸಿ, "ಹೆಂಡ್ತಿ ಮುಂದೆ ಹೋಗಿ ನನಗೋಸ್ಕರ ಕಾಯೋದಾದ್ರೆ ನಾನು ಬರೋದೇ ಇಲ್ಲ" ಅಂದಿರಂತೆ. ಇರಲಿ, ಆ ಮಾತು ಆಮೇಲೆ. ಈಗ ನನ್ನ ಸುದ್ದಿ ಕೇಳಿ. ಕೂತಿದ್ದೀರಿ ತಾನೇ? ಗೆದ್ದು ಬಂದಿದ್ದೇನೆ ಭಾವ! ಮದುವೆಯಾದ ದಿನದಿಂದ ನೀವು "ಸೂಜಿರಾಯ" ಎಂದು ಆಡಿಕೊಂಡ ಈ ಟೈಲರು ಆರು ದಿನ ನಿಮ್ಮ ತಂಗಿಯ ಜೊತೆ ಸೈಕಲ್ ಪ್ರವಾಸ ಹೋಗಿ, ಆರು ಸಂಜೆಯೂ ಅವಳ ಜೊತೆಯಲ್ಲೇ ಊರು ಸೇರಿ, ಒಂದೇ ಒಂದು ಜಗಳವೂ ಇಲ್ಲದೆ ಮನೆಗೆ ವಾಪಸು ಬಂದಿದ್ದಾನೆ.

ಹೋದ ವರ್ಷದ ಪ್ರವಾಸ ಹಳ್ಳ ಹಿಡಿದದ್ದು ನಿಮಗೆ ಗೊತ್ತು, ಆದರೆ ನಿಮ್ಮ ತಂಗಿ ಹೇಳಿದಷ್ಟೇ ಗೊತ್ತು. ತಪ್ಪು ನನ್ನದೇ, ಅದೂ ಟೈಲರೊಬ್ಬ ಮಾತ್ರ ಮಾಡಬಲ್ಲ ತಪ್ಪು. ಕತ್ತರಿಸುವ ಮೇಜಿನ ಮೇಲೆ ನಕ್ಷೆ ಹರಡಿ, ರಸ್ತೆಗಳ ಮೇಲೆ ದಾರ ಇಟ್ಟು ಅಳೆದು, ಯಾವ ದಾರ ಎಲ್ಲಕ್ಕಿಂತ ಗಿಡ್ಡವೋ ಆ ದಾರಿಯನ್ನು ಆರಿಸಿದೆ. ಎಷ್ಟು ಅಚ್ಚುಕಟ್ಟು ಎಂದು ಬೀಗಿದ್ದೂ ಉಂಟು. ಹೋಗಿ ನೋಡಿದರೆ ಆ ಗಿಡ್ಡ ದಾರ ಎರಡು ಬೆಟ್ಟಗಳ ನೆತ್ತಿಯ ಮೇಲೆ ಬಿದ್ದಿತ್ತು, ಉಳಿದದ್ದು ಲಾರಿಗಳ ಹೆದ್ದಾರಿ. ಚಪ್ಪಟೆ ಬಟ್ಟೆಯನ್ನು ಉಬ್ಬುತಗ್ಗಿನ ಮೈಗೆ ಹೊಂದಿಸಿ ಕೊಡುವುದೇ ನನ್ನ ಕಸುಬು. ಅಂಥವನು, ನಕ್ಷೆ ಚಪ್ಪಟೆಯಾಗಿದೆ ಎಂದು ನೆಲವೂ ಚಪ್ಪಟೆ ಅಂದುಕೊಂಡೆನಲ್ಲ! ನಿಮ್ಮ ತಂಗಿಗೇನು, ಇಪ್ಪತ್ತೆಂಟು ವರ್ಷ ಸೈಕಲ್ ಮೇಲೆ ಅಂಚೆ ಹಂಚಿದವಳು. ನನಗೆ ಗುಂಡಿ ಹೊಲಿಯುವುದು ಹೇಗೋ ಅವಳಿಗೆ ಬೆಟ್ಟ ಹತ್ತುವುದು ಅಷ್ಟೇ ಲೀಲಾಜಾಲ. ನನ್ನ ಕಾಲುಗಳೂ ಮೂವತ್ತು ವರ್ಷ ತುಳಿದಿವೆ, ಇಲ್ಲವೆನ್ನುವುದಿಲ್ಲ. ಆದರೆ ಹೊಲಿಗೆ ಯಂತ್ರವನ್ನು ಎಷ್ಟು ತುಳಿದರೂ ಅಂಗಡಿಯ ಬಾಗಿಲು ದಾಟುವುದಿಲ್ಲ.

ಪ್ರತಿ ಏರಿನ ತುದಿಯಲ್ಲೂ ಅವಳು ಕಾಯುತ್ತಿದ್ದಳು. ನಾನು ಏದುಸಿರು ಬಿಡುತ್ತಾ, ಸೈಕಲ್ಲನ್ನು ತಳ್ಳಿಕೊಂಡು, ಜೀವ ಬಾಯಿಗೆ ಬಂದು ಮೇಲೆ ಮುಟ್ಟಿದರೆ ಎರಡೇ ಮಾತು: "ಬಂದ್ರಾ? ಸರಿ, ಹೊರಡೋಣ." ಅವಳ ವಿಶ್ರಾಂತಿ ಮುಗಿದಿರುತ್ತಿತ್ತು, ನನ್ನದು ಶುರುವೇ ಆಗಿರುತ್ತಿರಲಿಲ್ಲ. ಮೂರನೆಯ ದಿನ ಸೈಕಲ್ಲನ್ನು ರಸ್ತೆಬದಿಯ ಚರಂಡಿಯಲ್ಲಿ ಮಲಗಿಸಿ, ಪಕ್ಕದಲ್ಲಿ ನಾನೂ ಕೂತುಬಿಟ್ಟೆ. ರೈಲು ಹತ್ತಿ ಮನೆಗೆ ಬಂದೆವು. ಮನೆಗೆ ಬಂದ ಮೇಲೆ ಅವಳು ಕೂಗಾಡಲಿಲ್ಲ, ಕಣ್ಣೀರು ಹಾಕಲಿಲ್ಲ. ಚಕ್ರಕ್ಕೆ ಎಣ್ಣೆ ಬಿಡುತ್ತಾ ಮೆಲ್ಲಗೆ ಹೇಳಿದಳು: "ಬರೋ ವರ್ಷ ನನ್ನ ಕೆಲಸ ಮುಗಿಯುತ್ತೆ ಕಣ್ರೀ. ಆಮೇಲೆ ನಾನು ಮನೇಲಿ ಕೂರೋಳಲ್ಲ. ಇನ್ನೊಂದು ಸಲ ನೋಡೋಣ, ದಾರಿ ನೀವೇ ಹುಡುಕಿ. ಅದೂ ಆಗದಿದ್ರೆ ನೀವು ಅಂಗಡಿ ನೋಡ್ಕೊಳ್ಳಿ, ನಾನು ಸೈಕಲ್ ಕ್ಲಬ್‌ನವರ ಜೊತೆ ಹೋಗ್ತೀನಿ." ಕೋಪವಿಲ್ಲದ ಆ ದನಿಗೇ ನಾನು ಹೆದರಿದ್ದು ಭಾವ. ಆ ಕ್ಲಬ್ಬಿನವರು ವರ್ಷಕ್ಕೆ ನಾಲ್ಕು ಸಲ, ಹದಿನೈದು ಹದಿನೈದು ದಿನ ಹೊರಡುವವರು. ಊರಿಗೆಲ್ಲ ಕಾಗದ ತಲುಪಿಸಿದವಳು ಇನ್ನು ಮುಂದೆ ನನಗೂ ಕಾಗದದಲ್ಲೇ ಸಿಗುತ್ತಾಳೆ ಅನ್ನಿಸಿ ಆ ವಾರ ಎರಡು ಪ್ಯಾಂಟು ತಪ್ಪಾಗಿ ಹೊಲಿದೆ. ಅದೇ ಹೊತ್ತಿಗೆ ನೀವು ಫೋನ್ ಮಾಡಿ, "ಬಿಡಿ ಸೂಜಿರಾಯರೇ, ಇದು ನಿಮ್ಮಿಂದ ಆಗೋ ಕೆಲಸ ಅಲ್ಲ" ಅಂದಿರಿ. ನೆನಪಿದೆಯೇ? ನನಗಂತೂ ಚೆನ್ನಾಗಿ ನೆನಪಿದೆ.

ಚಳಿಗಾಲವೆಲ್ಲ ನಕ್ಷೆಯ ಮುಂದೆ ಕಳೆದೆ. ಈ ಸಲ ದಾರ ಮುಟ್ಟಲಿಲ್ಲ, ಮೊದಲು ಮನುಷ್ಯರನ್ನು ಕೇಳಿದೆ. ಪ್ಯಾಂಟು ಸಡಿಲ ಮಾಡಿಸಲು ಬರುವ ಲಾರಿ ಡ್ರೈವರೊಬ್ಬರಿದ್ದಾರೆ, ವರ್ಷಕ್ಕೊಂದು ಇಂಚು ಸೊಂಟ ಬೆಳೆಸುವವರು. ಅಳತೆ ಟೇಪು ಸುತ್ತಿ ಹಿಡಿದುಕೊಂಡೇ ಕೇಳಿದೆ, ನೀವು ಯಾವತ್ತೂ ಹೋಗದ ರಸ್ತೆ ಯಾವುದು ಅಂತ. ಅವರು ನಕ್ಕು, "ಹೊಳೆ ಪಕ್ಕದ ಹಳೇ ರೈಲು ದಾರಿ ಸ್ವಾಮಿ. ಹಳಿ ಕಿತ್ತು ಸೈಕಲ್‌ನೋರಿಗೆ ಬಿಟ್ಟಿದ್ದಾರೆ. ಅಲ್ಲಿನ ಊರುಗಳಿಗೆ ಹೋಗೋ ಸೇತುವೆಗಳಲ್ಲಿ ನನ್ನ ಗಾಡಿ ಹಿಡಿಸಲ್ಲ. ಆ ಕಡೆ ತಲೆ ಹಾಕಿ ಕೂಡ ಮಲಗಲ್ಲ ನಾನು" ಅಂದರು. ಸೀಮೆಸುಣ್ಣದಲ್ಲಿ ಆ ದಾರಿಯನ್ನು ಗುರುತು ಮಾಡಿದೆ. ರೈಲಿಗೆ ಹಾಕಿದ ದಾರಿ, ಏರಿದರೂ ಇಳಿದರೂ ಗೊತ್ತೇ ಆಗದಷ್ಟು ಮೆತ್ತಗೆ. ಲಾರಿಯಿಲ್ಲ, ಹಾರನ್ನಿಲ್ಲ, ಒಂದು ಕಡೆ ಹೊಳೆ, ಇನ್ನೊಂದು ಕಡೆ ಗುಡ್ಡಗಳ ಸಾಲು. ನನಗಂತೂ ಹೇಳಿ ಮಾಡಿಸಿದ ಹಾಗಿತ್ತು. ಆದರೆ ನಿಮ್ಮ ತಂಗಿಗೆ? ದಿನಕ್ಕೆ ಮೂವತ್ತು ಕಿಲೋಮೀಟರ್ ಸಪಾಟು ದಾರಿ ಅವಳಿಗೆ ಬೆಳಗಿನ ಟೀಗೂ ಮುಂಚಿನ ಕೆಲಸ. ನನ್ನ ವೇಗಕ್ಕೆ ಅವಳನ್ನು ಕಟ್ಟಿಹಾಕಿದರೆ ಅದೂ ಒಂದು ಅನ್ಯಾಯವೇ.

ಉತ್ತರ ಸಿಕ್ಕಿದ್ದು ಒಂದು ಕೋಟಿನ ತೋಳಿನಲ್ಲಿ. ತೋಳು ಕೂಡಿಸುವಾಗ ತೋಳಿನ ಅಂಚು ಯಾವಾಗಲೂ ಹೆಗಲಿನ ಸುತ್ತಿಗಿಂತ ಒಂದಿಂಚಿನಷ್ಟು ಉದ್ದವಿರುತ್ತದೆ. ಕಸುಬು ಗೊತ್ತಿಲ್ಲದವನು ಹೆಚ್ಚಿನದನ್ನು ಕತ್ತರಿಸಿ ಬಿಸಾಡುತ್ತಾನೆ, ಕೋಟು ತೊಟ್ಟವನು ಕೈ ಎತ್ತಲಾರ. ಗೊತ್ತಿದ್ದವನು ಅಲ್ಲಲ್ಲಿ ಗುಂಡುಸೂಜಿ ಚುಚ್ಚಿ, ಎರಡೂ ಅಂಚುಗಳನ್ನು ಆ ಜಾಗಗಳಲ್ಲಿ ಕೂಡಿಸಿ, ನಡುವಿನ ಉದ್ದವನ್ನು ಅದರ ಪಾಡಿಗೆ ಬಿಡುತ್ತಾನೆ. ಉದ್ದದ್ದು ಉದ್ದವಾಗಿಯೇ ಉಳಿಯುತ್ತದೆ, ಗಿಡ್ಡದ್ದು ಗಿಡ್ಡವಾಗಿಯೇ, ಮುಗಿಯುವುದು ಮಾತ್ರ ಒಟ್ಟಿಗೆ. ಮೂವತ್ತು ವರ್ಷ ಇದನ್ನೇ ಮಾಡಿಕೊಂಡು ಬಂದವನಿಗೆ ಹೊಳೆಯಲು ಇಷ್ಟು ಹೊತ್ತೇ ಎಂದು ನನ್ನನ್ನೇ ಬೈದುಕೊಂಡು, ಸೂಜಿ ಕೆಳಗಿಟ್ಟು ನಕ್ಷೆಯ ಹತ್ತಿರ ಓಡಿದೆ. ಹೊಳೆಯ ದಾರಿಗೆ ಬಿಳಿ ದಾರ, ಅದು ನನ್ನದು. ಗುಡ್ಡ ಹತ್ತಿ, ಕಾಡಿನ ನಡುವೆ ಸುತ್ತಿ, ಮತ್ತೆ ಹೊಳೆಗೇ ಇಳಿಯುವ ಸಣ್ಣ ರಸ್ತೆಗಳಿಗೆ ಕೆಂಪು ದಾರ, ಅದು ಅವಳದು. ಮಧ್ಯಾಹ್ನಕ್ಕೊಂದು, ಸಂಜೆಗೊಂದು ಜಾಗದಲ್ಲಿ ಎರಡಕ್ಕೂ ಸೇರಿಸಿ ಒಂದೊಂದು ಗಂಟು. ಗಂಟು ಬಿದ್ದ ಊರಿಗೆಲ್ಲ ಫೋನ್ ಮಾಡಿ, ನೆರಳಿದೆಯೇ, ಕೂರಲು ಬೆಂಚಿದೆಯೇ, ಕುಡಿಯಲು ನೀರಿದೆಯೇ ಎಂದು ಕೇಳಿದೆ. ಬೆಳಗಿನ ಮೊದಲ ಹತ್ತು ಕಿಲೋಮೀಟರ್ ಮಾತ್ರ ಇಬ್ಬರೂ ಒಟ್ಟಿಗೆ, ಆಗ ಮುಂದೆ ಇರಬೇಕಾದವನು ನಾನು. ಒಂದೇ ಒಂದು ಕಾನೂನು: ಗಂಟಿಗೆ ಮೊದಲು ಬಂದವರು, ಆಮೇಲೆ ಬಂದವರು ಕೂತು ನೀರು ಕುಡಿಯುವವರೆಗೆ ಏಳಕೂಡದು.

ಅವಳು ನೋಡಿ ನಕ್ಕಳು. "ದಾರ ಹಿಡ್ಕೊಂಡು ಯಾರಾದ್ರೂ ಪ್ರವಾಸ ಹೋಗ್ತಾರಾ?" ಅಂದಳು. ಆದರೂ ಹೊರಡುವ ಬೆಳಿಗ್ಗೆ ನೋಡುತ್ತೇನೆ, ಕೆಂಪು ದಾರದ ತುಂಡೊಂದು ಅವಳ ಸೈಕಲ್ಲಿನ ಹ್ಯಾಂಡಲ್ಲಿಗೆ ಸುತ್ತಿಕೊಂಡಿತ್ತು.

ಮೊದಲ ದಿನ ಮಧ್ಯಾಹ್ನ ಏನಾಯಿತು ಗೊತ್ತೇ? ಹಳೆಯ ಸ್ಟೇಷನ್ನಿನ ಕಟ್ಟೆ, ನಿಂತುಹೋದ ಗಡಿಯಾರ, ಕಾಲಬುಡದಲ್ಲೇ ಹೊಳೆ. ನಾನು ಆಗಲೇ ಬಂದು, ಬೆಂಚಿನ ಮೇಲೆ ಕಾಲು ಚಾಚಿ, ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದೆ. ಗುಡ್ಡದಿಂದ ಬೆವರು ಸುರಿಸುತ್ತಾ ನಿಮ್ಮ ತಂಗಿ ಇಳಿದು ಬಂದಳು. ಒಂದು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತನ್ನು ಆಗ ಆಡಿದೆ ಭಾವ: "ಬಂದ್ಯಾ?" ಸೈಕಲ್ಲನ್ನು ಅಲ್ಲೇ ಒರಗಿಸಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎರಡನೆಯ ದಿನದ ಗಂಟು ಸ್ವಲ್ಪ ಕೈಕೊಟ್ಟಿತು, ಟೀ ಅಂಗಡಿಗೆ ಬೀಗ. ಮೆಟ್ಟಿಲ ಮೇಲೆ ಕೂತು ಬಿಸ್ಕತ್ತು ತಿಂದೆವು, ಕೊಕ್ಕರೆಯೊಂದು ಮೀನು ಹಿಡಿಯುವುದನ್ನು ಒಂದು ಗಂಟೆ ನೋಡಿದೆವು. ಅಷ್ಟು ಹೊತ್ತು ಸುಮ್ಮನೆ ಒಟ್ಟಿಗೆ ಕೂತು ಎಷ್ಟು ವರ್ಷವಾಗಿತ್ತೋ.

ನಾಲ್ಕನೆಯ ದಿನದ ವಿಷಯ ಮಾತ್ರ ನಗುತ್ತಾ ಬರೆಯಲಾರೆ. ಹಳೆಯ ರೈಲು ಸುರಂಗದ ಬಾಯಿಯಲ್ಲಿ ಗಂಟು, ಎರಡು ಗಂಟೆಗೆ. ಎರಡೂವರೆಯಾಯಿತು, ಮೂರಾಯಿತು, ಅವಳ ಸುಳಿವಿಲ್ಲ. ಗುಡ್ಡದ ಮೇಲೆ ಫೋನು ತಗುಲುವುದಿಲ್ಲ. ಕಾಯುವುದು ಅಂದರೆ ಆರಾಮಾಗಿ ಕೂರುವುದು ಎಂದು ಹೋದ ವರ್ಷವೆಲ್ಲ ಹೊಟ್ಟೆ ಉರಿದುಕೊಂಡಿದ್ದವನು, ತಿರುವಿನ ಮೇಲೆ ಕಣ್ಣು ನೆಟ್ಟು ನಿಂತೇ ಇದ್ದೆ. ಮೂರೂಕಾಲಿಗೆ ಬಂದಳು, ಚಕ್ರ ಪಂಕ್ಚರಾಗಿ ಸೈಕಲ್ಲನ್ನು ತಳ್ಳಿಕೊಂಡು, ಮೊಣಕೈವರೆಗೂ ಕಪ್ಪು. ಮೊದಲು ನನ್ನ ಸ್ವೆಟರು ಹೊದಿಸಿದೆ, ಫ್ಲಾಸ್ಕಿನಲ್ಲಿದ್ದ ಟೀ ಕೊಟ್ಟೆ. "ಇಷ್ಟು ಹೊತ್ತೂ ಕಾದ್ರಾ?" ಅಂತ ಕೇಳಿದಳು. ಕಾಯದೆ ಇನ್ನೇನು ಅಂದೆ. ಅವಳು ಟೀ ಕುಡಿದು ಲೋಟ ಕೆಳಗಿಟ್ಟಳು. ಆಮೇಲೆ ಹೇಳಿದಳು: "ಸಣ್ಣವಳಿದ್ದಾಗಿಂದ ನಾನೇ ಮುಂದೆ ಹೋಗಿ ಕಾಯೋದು. ನನಗೋಸ್ಕರ ಯಾರಾದ್ರೂ ಕಾದಿದ್ದು ಇದೇ ಮೊದಲು." ಹೋದ ವರ್ಷ ನಾನು ಬಂದ ಕೂಡಲೇ ಹೊರಡುತ್ತಿದ್ದುದಕ್ಕೆ ಕಾರಣವನ್ನೂ ಆಗ ಹೇಳಿದಳು. ಬೆಟ್ಟದ ಗಾಳಿಗೆ ಬೆವರು ಆರಿ ಅವಳಿಗೆ ನಡುಕ ಬರುತ್ತಿತ್ತಂತೆ. ನಾನು ನನ್ನನ್ನೇ ಬೈದುಕೊಂಡೇನು ಎಂದು ಹೇಳಿರಲಿಲ್ಲವಂತೆ. ನಾನೋ, ಅದನ್ನು ಪೂರ್ತಿ ಜಂಭ ಅಂದುಕೊಂಡಿದ್ದೆ. ಇಬ್ಬರೂ ಅತ್ತೆವು ಭಾವ, ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ. ಆಮೇಲೆ ಸೇರಿ ಪಂಕ್ಚರ್ ಹಾಕಿದೆವು, ಹರಿದದ್ದಕ್ಕೆ ತೇಪೆ ಹಾಕುವುದರಲ್ಲಿ ನನ್ನನ್ನು ಮೀರಿಸುವವರುಂಟೇ?

ಕೊನೆಯ ದಿನ ಹೊಳೆ ಕೆರೆಗೆ ಸೇರುವ ಊರಿಗೆ ಅಕ್ಕಪಕ್ಕದಲ್ಲಿ ತುಳಿಯುತ್ತಾ ಹೋದೆವು. ಊರಿನ ಮೊದಲ ಮನೆಯ ಹತ್ತಿರ ಅವಳು ಬೇಕಂತಲೇ ನಿಧಾನ ಮಾಡಿದಳು. ನನಗೆ ಗೊತ್ತಾಯಿತು, ನಾನೂ ನಿಧಾನ ಮಾಡಿದೆ. ಹೀಗೆ ಇಬ್ಬರೂ ನಿಧಾನ ಮಾಡಿ ಮಾಡಿ ಬೀಳುವುದೊಂದು ಬಾಕಿ. ಮನೆಗೆ ಬಂದ ಮೇಲೆ, ಕ್ಲಬ್ಬಿಗೆ ಸೇರಲು ತಂದಿಟ್ಟಿದ್ದ ಅರ್ಜಿಯನ್ನು ಅವಳು ಹರಿದು ಹಾಕಲಿಲ್ಲ, ಹರಿಯುವುದೂ ಬೇಡ. ಅದರ ಹಿಂಬದಿಯಲ್ಲಿ ಮುಂದಿನ ದಾರಿಯ ಗಂಟುಗಳನ್ನು ತಾನೇ ಗುರುತು ಮಾಡುತ್ತಿದ್ದಾಳೆ. ಇದಕ್ಕಿಂತ ದೊಡ್ಡ ಗೆಲುವು ನನಗೆ ಬೇಡ.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ಮಂಡಿಗೆ ಬಿಸಿನೀರಿನ ಶಾಖ ತಪ್ಪಿಸಬೇಡಿ ಎಂದು ನಿಮ್ಮ ತಂಗಿ ಒಳಗಿನಿಂದ ಕೂಗುತ್ತಿದ್ದಾಳೆ. ನಿಮ್ಮ ಪ್ಯಾಂಟಿನ ಹೊಸ ಅಳತೆ ಕಳಿಸಿ, ಆರು ತಿಂಗಳು ಕೂತು ಎಷ್ಟು ಇಂಚು ಏರಿಸಿದ್ದೀರೋ ನೋಡೋಣ.

ನಿಮ್ಮ ತಂಗಿಯ ಗಂಡ,
ನಿಮ್ಮದೇ ಬಾಯಲ್ಲಿ,
ಸೂಜಿರಾಯ

ಮರೆತೇಬಿಟ್ಟಿದ್ದೆ: ಲಕೋಟೆಯ ಒಳಗೆ ಬೆರಳು ಹಾಕಿ ನೋಡಿ, ಎರಡು ದಾರಗಳಿವೆ. ಕೆಂಪನ್ನು ಅಕ್ಕನಿಗೆ ಕೊಡಿ. ಅವರು ಆಗಲೇ ಒಪ್ಪಿದ್ದಾರೆ, ನಿಮಗೆ ಹೇಳಲು ಹೆದರಿ ಕೂತಿದ್ದಾರೆ ಅಷ್ಟೇ. ಸೆಪ್ಟೆಂಬರ್ ಮೊದಲ ವಾರಕ್ಕೆ ನಾಲ್ವರಿಗೂ ಕೋಣೆ ಹೇಳಿದ್ದೇನೆ. ಅಣ್ಣತಂಗಿಯರಲ್ಲಿ ಗುಡ್ಡ ಹತ್ತುವ ಸರದಿ ಈ ಸಲ ತಂಗಿಯದು, ಅವಳ ಜೊತೆಗೆ ಅಕ್ಕ. ಬಿಳಿ ದಾರ ನಿಮ್ಮದು, ಅದರಲ್ಲಿ ಇಬ್ಬರಿಗೆ ಜಾಗವಿದೆ. ಬೆಡ್‌ಶೀಟ್ ತೆಗೆದು ಸೈಕಲ್ಲನ್ನು ಕೆಳಗಿಳಿಸಿ ಭಾವ. ದಾರಿಯಲ್ಲಿ ನೀವು ಎಷ್ಟೇ ಹಿಂದೆ ಉಳಿದರೂ ಗಂಟಿನ ಹತ್ತಿರ ನಾನು ಇರುತ್ತೇನೆ. ನೀವು ಕೂತು, ನೀರು ಕುಡಿದು, "ಹೊರಡೋಣ" ಎಂದು ನೀವೇ ಹೇಳುವವರೆಗೆ ನಾನು ಏಳುವುದಿಲ್ಲ.